ಗೋಡೆ ಕೆಡವಿದ ಗಣಿತಜ್ಞ: ಜಾನ್ ವಾನ್ ನ್ಯೂಮನ್

ಹೊರನಾಡಿನಲ್ಲಿ ದುಡಿಯುವ ನಮ್ಮಲ್ಲಿ ಹೆಚ್ಚಿನವರ ಬದುಕು ಈಗ ಒಂದು ಲ್ಯಾಪ್‌ಟಾಪಿನೊಳಗೆ ಇದೆ. ಬಾಡಿಗೆ ಕರಾರು, ಸಂಬಳದ ಚೀಟಿ, ಊರಿನ ಜಮೀನಿನ ಪಹಣಿ, ಅಪ್ಪ-ಅಮ್ಮನ ಆಸ್ಪತ್ರೆ ವರದಿ, ಮಕ್ಕಳ ಫೋಟೊ ಎಲ್ಲವೂ ಅದರಲ್ಲೇ. ಮುಂಬೈನಲ್ಲೋ ಹೈದರಾಬಾದಿನಲ್ಲೋ ಕುಳಿತವರಿಗೆ ಇವುಗಳಲ್ಲಿ ಒಂದು ಕಳೆದರೂ ಮತ್ತೊಂದು ಪ್ರತಿ ತರಲು ರಜೆ ಹಾಕಿ ಊರಿಗೆ ಹೋಗಬೇಕು. ಅದಕ್ಕೇ ವರ್ಷವರ್ಷವೂ ಆಂಟಿವೈರಸ್‌ಗೆ ದುಡ್ಡು ಕಟ್ಟುತ್ತೇವೆ, ಪರದೆಯ ಮೂಲೆಯಲ್ಲಿ ಹಸಿರು ಗುರುತು ಕಂಡರೆ ನೆಮ್ಮದಿಯಾಗಿ ಮಲಗುತ್ತೇವೆ.

ಆದರೆ ಈ ಕಾಯಿಲೆ ಕಂಪ್ಯೂಟರಿಗೇ ಏಕೆ? ಅಡುಗೆಮನೆಯ ಮಿಕ್ಸಿಗೆ ವೈರಸ್ ಬರುವುದಿಲ್ಲ. ಅಜ್ಜನ ಕಾಲದ ಮರ್ಫಿ ರೇಡಿಯೊಗೂ ಬರುತ್ತಿರಲಿಲ್ಲ. ಕಂಪ್ಯೂಟರಿನ ಹುಟ್ಟಿನಲ್ಲೇ ಇದಕ್ಕೊಂದು ಕಾರಣವಿದೆ. ಅದನ್ನು ಹುಡುಕುತ್ತ ಹೋದರೆ, ಪರ್ಸನಲ್ ಕಂಪ್ಯೂಟರ್ ಎಂಬುದನ್ನು ಕಣ್ಣಿನಿಂದಲೂ ನೋಡದೆ 1957ರಲ್ಲಿ ತೀರಿಕೊಂಡ ಒಬ್ಬ ವಲಸಿಗನ ಬದುಕಿನ ಮುಂದೆ ಹೋಗಿ ನಿಲ್ಲುತ್ತೇವೆ. ಇಂಜಿನಿಯರಿಂಗ್ ಓದಿದವರು ಪಠ್ಯಪುಸ್ತಕದಲ್ಲಿ ವಾನ್ ನ್ಯೂಮನ್ ಆರ್ಕಿಟೆಕ್ಚರ್ ಎಂದು ಉರು ಹೊಡೆದು ಪರೀಕ್ಷೆ ಬರೆದಿರುತ್ತಾರೆ. ಆ ಹೆಸರಿನ ಹಿಂದಿನ ಮನುಷ್ಯ ಈತ.

ಮೂರು ದೇಶ, ಮೂರು ಹೆಸರು

ಜಾನ್ ವಾನ್ ನ್ಯೂಮನ್ ಹುಟ್ಟಿದ್ದು 1903ರ ಡಿಸೆಂಬರ್ 28ರಂದು, ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ. ತಂದೆ ಮಿಕ್ಸಾ ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಸ್ಥಿತಿವಂತರು, ತಾಯಿ ಮಾರ್ಗಿಟ್. ಮೂವರು ಗಂಡುಮಕ್ಕಳಲ್ಲಿ ಇವರೇ ಹಿರಿಯರು. ಮನೆಯಲ್ಲಿ ಇಟ್ಟ ಹೆಸರು ಯಾನೋಶ್. ಯಹೂದಿ ಕುಟುಂಬವಾದರೂ 1913ರಲ್ಲಿ ತಂದೆಗೆ ಚಕ್ರವರ್ತಿ ಫ್ರಾನ್ಜ್ ಜೋಸೆಫ್‌ನಿಂದ ಗೌರವ ಪದವಿ ಸಿಕ್ಕಿತು. ಹೆಸರಿನ ನಡುವಿನ ವಾನ್ ಬಂದದ್ದು ಅದರಿಂದ. ಯಾನೋಶ್ ಜರ್ಮನಿಗೆ ಹೋದಾಗ ಯೋಹಾನ್ ಆದರು, ಅಮೆರಿಕಕ್ಕೆ ಹೋದಾಗ ಜಾನ್ ಆದರು. ಹೊರನಾಡಿನ ಆಫೀಸುಗಳಲ್ಲಿ ಹೆಸರು ಮೊಟಕಾಗುವುದನ್ನು ಕಂಡ ನಮಗೆ ಇದು ಹೊಸದೇನಲ್ಲ.

ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುವ ಮಾತು ಇವರ ವಿಷಯದಲ್ಲಿ ಅಕ್ಷರಶಃ ನಿಜ. ದೊಡ್ಡ ಸಂಖ್ಯೆಗಳ ಲೆಕ್ಕವನ್ನು ಬಾಯಲ್ಲೇ ಮಾಡುತ್ತಿದ್ದ ಹುಡುಗ, ಮನೆಯ ಗ್ರಂಥಾಲಯದಲ್ಲಿದ್ದ ಜಗತ್ತಿನ ಇತಿಹಾಸದ ಸಂಪುಟಗಳನ್ನು ಒಂದೊಂದಾಗಿ ಓದಿ ಮುಗಿಸಿದ. ಒಮ್ಮೆ ಓದಿದ್ದು ಎಷ್ಟೋ ವರ್ಷಗಳ ನಂತರವೂ ನೆನಪಿನಲ್ಲಿರುತ್ತಿತ್ತು. ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಲಾಸ್ಲೊ ರಾಟ್ಸ್ ಎಂಬ ಮೇಷ್ಟ್ರು ಈ ಹುಡುಗ ತಮ್ಮ ಪಾಠಕ್ಕೆ ಮೀರಿದವನೆಂದು ಬೇಗನೇ ಕಂಡುಕೊಂಡರು. ವಿಶ್ವವಿದ್ಯಾಲಯದ ಗಣಿತಜ್ಞರಿಂದ ಅವನಿಗೆ ಪಾಠ ಆಗುವಂತೆ ಮಾಡಿದರು. ಅದೇ ಶಾಲೆಯಲ್ಲಿ ಒಂದು ತರಗತಿ ಮುಂದಿದ್ದ ಹುಡುಗ ಯೂಜೀನ್ ವಿಗ್ನರ್, ಮುಂದೆ 1963ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು.

ಮಗನ ಗಣಿತದ ಹುಚ್ಚು ತಂದೆಗೆ ಚಿಂತೆ ತಂದಿತ್ತು. ಗಣಿತ ಹೊಟ್ಟೆ ತುಂಬಿಸುವ ವಿದ್ಯೆಯಲ್ಲ ಎಂಬುದು ಅವರ ಲೆಕ್ಕ. ಮಗ ಕನ್ನಡ ಎಂ.ಎ. ಓದುತ್ತೇನೆ ಎಂದರೆ ಇಂಜಿನಿಯರಿಂಗ್ ಸೀಟು ಹುಡುಕುವ ನಮ್ಮ ಅಪ್ಪಂದಿರಂತೆ ಅವರೂ ಒಂದು ರಾಜಿ ಮಾಡಿದರು: ಕೆಮಿಕಲ್ ಇಂಜಿನಿಯರಿಂಗ್ ಓದಬೇಕು. ಮಗ ಎರಡನ್ನೂ ಹಿಡಿದ. ಬರ್ಲಿನ್ನಿನಲ್ಲಿ, ಆಮೇಲೆ ಜ್ಯೂರಿಕ್‌ನಲ್ಲಿ ರಸಾಯನಶಾಸ್ತ್ರ ಓದುತ್ತಲೇ ಬುಡಾಪೆಸ್ಟ್‌ನಲ್ಲಿ ಗಣಿತದ ಡಾಕ್ಟರೇಟ್‌ಗೆ ಹೆಸರು ಹಚ್ಚಿದ, ಪರೀಕ್ಷೆಗೆ ಮಾತ್ರ ಊರಿಗೆ ಬರುತ್ತಿದ್ದ. 1926ರಲ್ಲಿ ಇಂಜಿನಿಯರಿಂಗ್ ಡಿಪ್ಲೊಮಾ ಮತ್ತು ಡಾಕ್ಟರೇಟ್ ಎರಡೂ ಕೈಗೆ ಬಂದವು. ಆಗ ವಯಸ್ಸು 22.

ಊರು ಬಿಡಲು ಓದು ಮಾತ್ರ ಕಾರಣವಾಗಿರಲಿಲ್ಲ. 1920ರಲ್ಲಿ ಹಂಗೇರಿ ಸರ್ಕಾರ ವಿಶ್ವವಿದ್ಯಾಲಯಗಳಲ್ಲಿ ಯಹೂದಿಗಳ ಸಂಖ್ಯೆಗೆ ಮಿತಿ ಹಾಕುವ ಕಾನೂನು ತಂದಿತ್ತು. ಬುದ್ಧಿವಂತ ಹುಡುಗರಿಗೆ ಅಲ್ಲಿ ಭವಿಷ್ಯವಿರಲಿಲ್ಲ. ವಾನ್ ನ್ಯೂಮನ್, ವಿಗ್ನರ್, ಲಿಯೊ ಸಿಲಾರ್ಡ್, ಎಡ್ವರ್ಡ್ ಟೆಲ್ಲರ್ ಎಲ್ಲರೂ ಮೊದಲು ಜರ್ಮನಿಗೆ ಹೋದರು, ಕೊನೆಗೆ ಅಮೆರಿಕ ಸೇರಿದರು. ಇಷ್ಟೊಂದು ಮೇಧಾವಿಗಳು ಒಂದೇ ಊರಿನಿಂದ ಬಂದದ್ದನ್ನು ಕಂಡು ಇವರೆಲ್ಲ ಮಂಗಳ ಗ್ರಹದಿಂದ ಇಳಿದವರು ಎಂದು ಅಮೆರಿಕದ ವಿಜ್ಞಾನಿಗಳು ತಮಾಷೆ ಮಾಡುತ್ತಿದ್ದರಂತೆ. ಇಂಗ್ಲಿಷ್‌ನಲ್ಲಿ ಎಷ್ಟೇ ಪಳಗಿದರೂ ವಾನ್ ನ್ಯೂಮನ್ನರ ನಾಲಿಗೆಯ ಹಂಗೇರಿಯ ಧಾಟಿ ಕೊನೆಯವರೆಗೂ ಹೋಗಲಿಲ್ಲ.

ಪರಿಪೂರ್ಣತೆಯ ಕನಸು ಒಡೆದ ದಿನ

ಜರ್ಮನಿಯ ಗಟಿಂಗನ್‌ನಲ್ಲಿ ಆಗ ಗಣಿತದ ಹಿರಿಯಜ್ಜನಂತಿದ್ದವರು ಡೇವಿಡ್ ಹಿಲ್ಬರ್ಟ್. ಗಣಿತವನ್ನೆಲ್ಲ ಕೆಲವೇ ನಿಯಮಗಳ ಮೇಲೆ ಕಟ್ಟಬೇಕು, ಆ ಕಟ್ಟಡದಲ್ಲಿ ಬಿರುಕಿಲ್ಲವೆಂದು ಅದರೊಳಗಿಂದಲೇ ಸಾಧಿಸಿ ತೋರಿಸಬೇಕು ಎಂಬುದು ಅವರ ಯೋಜನೆ. ತರುಣ ವಾನ್ ನ್ಯೂಮನ್ ಅದಕ್ಕಾಗಿ ವರ್ಷಗಟ್ಟಲೆ ದುಡಿದರು.

1930ರ ಸೆಪ್ಟೆಂಬರ್‌ನಲ್ಲಿ ಕೋನಿಗ್ಸ್‌ಬರ್ಗ್‌ನಲ್ಲಿ ನಡೆದ ಒಂದು ಸಭೆಯಲ್ಲಿ ಕರ್ಟ್ ಗೊಡೆಲ್ ಎಂಬ ಸಣ್ಣ ದನಿಯ ತರುಣ ಮೆಲ್ಲಗೆ ಒಂದು ವಿಷಯ ಹೇಳಿದ. ಅಂಥ ಯಾವ ಕಟ್ಟಡವೂ ಪೂರ್ಣವಾಗಲಾರದು, ನಿಜವಾಗಿದ್ದರೂ ಸಾಧಿಸಲಾಗದ ಮಾತುಗಳು ಅದರಲ್ಲಿ ಉಳಿದೇ ಉಳಿಯುತ್ತವೆ ಎಂಬುದು ಅದರ ಸಾರ. ಸಭೆಯಲ್ಲಿದ್ದ ಹೆಚ್ಚಿನವರಿಗೆ ಅದರ ತೂಕ ತಿಳಿಯಲಿಲ್ಲ. ವಾನ್ ನ್ಯೂಮನ್‌ಗೆ ಕೂಡಲೇ ತಿಳಿಯಿತು. ಅಲ್ಲಿಂದ ಮುಂದೆ ಅವರು ತರ್ಕದ ಬುನಾದಿ ಹುಡುಕುವ ಕೆಲಸವನ್ನೇ ಬಹುಮಟ್ಟಿಗೆ ಕೈಬಿಟ್ಟರು. ಈ ಘಟನೆಯನ್ನು ನೆನಪಿಟ್ಟುಕೊಳ್ಳಿ. ನಮ್ಮ ಆಂಟಿವೈರಸ್‌ನ ಮಿತಿಯ ಬೇರು ಇಲ್ಲಿಯೇ ಇದೆ.

ಅದೇ ವರ್ಷ ಅವರು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ಅತಿಥಿ ಅಧ್ಯಾಪಕರಾಗಿ ಬಂದರು. 1933ರಲ್ಲಿ ಹಿಟ್ಲರ್ ಗದ್ದುಗೆ ಏರಿದ ಮೇಲೆ ಜರ್ಮನಿಯ ಬಾಗಿಲು ಮುಚ್ಚಿತು. ಅದೇ ಊರಿನಲ್ಲಿ ಹೊಸದಾಗಿ ಆರಂಭವಾಗಿದ್ದ ಇನ್‌ಸ್ಟಿಟ್ಯೂಟ್ ಫಾರ್ ಅಡ್ವಾನ್ಸ್‌ಡ್ ಸ್ಟಡಿಯಲ್ಲಿ ಐನ್‌ಸ್ಟೈನ್ ಜೊತೆ ಮೊದಲ ಪ್ರಾಧ್ಯಾಪಕರಲ್ಲಿ ಒಬ್ಬರಾದರು. 1937ರಲ್ಲಿ ಅಮೆರಿಕದ ಪೌರತ್ವ ಸಿಕ್ಕಿತು. ಗಣಿತಜ್ಞರೆಂದರೆ ಗಡ್ಡ ಕೆರೆದುಕೊಂಡು ಮೂಲೆಯಲ್ಲಿ ಕೂರುವವರು ಎಂಬ ಕಲ್ಪನೆಗೆ ಇವರು ತದ್ವಿರುದ್ಧ. ಸದಾ ಕೋಟು-ಟೈ, ಮನೆ ತುಂಬ ಪಾರ್ಟಿ, ನೆಂಟರಿಷ್ಟರಿಗೆ ಪೋಲಿ ಜೋಕು, ವೇಗದ ಕಾರು, ಪದೇ ಪದೇ ಅಪಘಾತ. ಗದ್ದಲದ ನಡುವೆಯೇ ಅವರಿಗೆ ಲೆಕ್ಕ ಹೊಳೆಯುತ್ತಿತ್ತು.

ಮೊದಲ ಪತ್ನಿ ಮಾರಿಯೆಟ್‌ರೊಂದಿಗಿನ ಸಂಸಾರ 1937ರಲ್ಲಿ ಮುರಿಯಿತು. ಮಗಳು ಮರೀನಾ ಆಗ ಎರಡು ವರ್ಷದ ಕೂಸು. ಮರುವರ್ಷ ಬುಡಾಪೆಸ್ಟ್‌ನ ಕ್ಲಾರಾ ಡಾನ್ ಅವರನ್ನು ಮದುವೆಯಾದರು. ಈ ಕ್ಲಾರಾ ಮುಂದೆ ಜಗತ್ತಿನ ಮೊದಲ ಪ್ರೋಗ್ರಾಮರ್‌ಗಳಲ್ಲಿ ಒಬ್ಬರಾದರು.

ರೈಲ್ವೆ ಪ್ಲಾಟ್‌ಫಾರ್ಮಿನ ಭೇಟಿ

ಎರಡನೇ ಮಹಾಯುದ್ಧ ಗಣಿತಜ್ಞರನ್ನೂ ಬಿಡಲಿಲ್ಲ. 1943ರಿಂದ ವಾನ್ ನ್ಯೂಮನ್ ಲಾಸ್ ಅಲಾಮೋಸ್‌ಗೆ ಸಲಹೆಗಾರರಾಗಿ ಹೋಗತೊಡಗಿದರು. ಪ್ಲುಟೋನಿಯಂ ಉಂಡೆಯನ್ನು ಸುತ್ತಲಿನಿಂದ ಒಂದೇ ಸಮನೆ ಒತ್ತಿ ಸಿಡಿಸುವ ವಿಧಾನದ ಲೆಕ್ಕದಲ್ಲಿ ಅವರ ಪಾಲು ದೊಡ್ಡದು. ನಾಗಾಸಾಕಿಯ ಮೇಲೆ ಬಿದ್ದದ್ದು ಆ ಬಗೆಯ ಬಾಂಬು. ಯಾವ ಊರಿನ ಮೇಲೆ ಹಾಕಬೇಕೆಂದು ಚರ್ಚಿಸಿದ ಸಮಿತಿಯಲ್ಲೂ ಅವರಿದ್ದರು. ಅವರ ಬದುಕನ್ನು ಮೆಚ್ಚಿ ಬರೆಯುವವರು ಈ ಪುಟವನ್ನು ಹಾರಿಸಿ ಹೋಗುವಂತಿಲ್ಲ.

ಬಾಂಬಿನ ಲೆಕ್ಕ ಕೈಯಲ್ಲಿ ಮುಗಿಯುವಂಥದ್ದಲ್ಲ. ಲೆಕ್ಕ ಮಾಡುವ ಯಂತ್ರಕ್ಕಾಗಿ ಅವರು ಹುಡುಕುತ್ತಿದ್ದರು. 1944ರ ಬೇಸಿಗೆಯಲ್ಲಿ ಮೇರಿಲ್ಯಾಂಡ್ ರಾಜ್ಯದ ಅಬರ್ಡೀನ್ ರೈಲು ನಿಲ್ದಾಣದಲ್ಲಿ ಗಾಡಿಗಾಗಿ ಕಾಯುತ್ತಿದ್ದಾಗ ಹರ್ಮನ್ ಗೋಲ್ಡ್‌ಸ್ಟೈನ್ ಎಂಬ ಸೇನಾಧಿಕಾರಿ ಬಂದು ಮಾತನಾಡಿಸಿದರು. ಫಿಲಡೆಲ್ಫಿಯಾದಲ್ಲಿ ಎನಿಯಾಕ್ ಎಂಬ ಎಲೆಕ್ಟ್ರಾನಿಕ್ ಗಣಕ ತಯಾರಾಗುತ್ತಿರುವ ಸುದ್ದಿ ಆ ಮಾತಿನಲ್ಲಿ ಹೊರಬಿತ್ತು. ವಾನ್ ನ್ಯೂಮನ್ ಅಲ್ಲಿಗೆ ಧಾವಿಸಿದರು.

ಎನಿಯಾಕ್‌ನಲ್ಲಿ ಸುಮಾರು 18,000 ವಾಲ್ವ್‌ಗಳಿದ್ದವು, ತೂಕ ಸುಮಾರು 30 ಟನ್. ವೇಗ ಅದ್ಭುತ. ಆದರೆ ಒಂದು ಲೆಕ್ಕ ಬಿಟ್ಟು ಇನ್ನೊಂದಕ್ಕೆ ಹೋಗಬೇಕಾದರೆ ನೂರಾರು ತಂತಿಗಳನ್ನು ಕಿತ್ತು ಬೇರೆಡೆ ಚುಚ್ಚಬೇಕು, ಸ್ವಿಚ್‌ಗಳನ್ನು ತಿರುಗಿಸಬೇಕು. ಆ ತಯಾರಿಗೆ ದಿನಗಟ್ಟಲೆ ಹಿಡಿಯುತ್ತಿತ್ತು.

ಎನಿಯಾಕ್ ಕಟ್ಟಿದ ಎಕರ್ಟ್ ಮತ್ತು ಮಾಕ್ಲಿ ಜೊತೆ ಕುಳಿತು ಮುಂದಿನ ಯಂತ್ರದ ಬಗ್ಗೆ ನಡೆಸಿದ ಚರ್ಚೆಗಳನ್ನು ವಾನ್ ನ್ಯೂಮನ್ 101 ಪುಟಗಳ ವರದಿಯಾಗಿ ಬರೆದರು. ಎಡ್‌ವ್ಯಾಕ್ ಎಂಬ ಯಂತ್ರದ ಆ ಕರಡು ವರದಿಯ ಮೇಲಿನ ದಿನಾಂಕ 1945ರ ಜೂನ್ 30. ಗೋಲ್ಡ್‌ಸ್ಟೈನ್ ಅದನ್ನು ಹಲವರಿಗೆ ಹಂಚಿದರು. ಮುಖಪುಟದಲ್ಲಿದ್ದದ್ದು ವಾನ್ ನ್ಯೂಮನ್ ಹೆಸರು ಮಾತ್ರ. ಎಕರ್ಟ್ ಮತ್ತು ಮಾಕ್ಲಿ ಇದರಿಂದ ನೊಂದರು. ಪೇಟೆಂಟ್ ಜಗಳ ವರ್ಷಗಟ್ಟಲೆ ನಡೆಯಿತು. ಬ್ರಿಟನ್ನಿನ ಅಲನ್ ಟ್ಯೂರಿಂಗ್ ಇದೇ ಕಲ್ಪನೆಯ ತಾತ್ವಿಕ ರೂಪವನ್ನು 1936ರಲ್ಲೇ ಬರೆದಿದ್ದರು. ಹೀಗಾಗಿ ಇದು ಒಬ್ಬರ ಸೊತ್ತಲ್ಲ. ಆದರೆ ಹತ್ತಾರು ಕಡೆಗೆ ತಲುಪಿ, ಎಲ್ಲರೂ ಕಟ್ಟಲು ಹಿಡಿದ ನಕ್ಷೆ ಮಾತ್ರ ಆ ವರದಿಯದ್ದು.

ಕೆಡವಿದ ಗೋಡೆ ಯಾವುದು?

ಎನಿಯಾಕ್‌ನಲ್ಲಿ ಏನು ಮಾಡಬೇಕೆಂಬ ಆದೇಶ ತಂತಿಯಲ್ಲಿತ್ತು, ಯಾವುದರ ಮೇಲೆ ಮಾಡಬೇಕೆಂಬ ಮಾಹಿತಿ ಸಂಖ್ಯೆಯಲ್ಲಿತ್ತು. ಎರಡರ ನಡುವೆ ಗೋಡೆ. ಹೊರಗಿನಿಂದ ಬಂದ ಸಂಖ್ಯೆ ಎಂದಿಗೂ ತಂತಿಯಾಗಲಾರದು. ಹೊಸ ನಕ್ಷೆ ಆ ಗೋಡೆಯನ್ನು ಕೆಡವಿತು. ಆದೇಶವನ್ನೂ ಸಂಖ್ಯೆಯಾಗಿ ಬರೆದು, ಮಾಹಿತಿ ಇರುವ ಮೆಮೊರಿಯಲ್ಲೇ ಇಡೋಣ ಎಂದಿತು. ಈಗ ತಂತಿ ಕೀಳುವ ಕೆಲಸವಿಲ್ಲ. ಹೊಸ ಆದೇಶಗಳನ್ನು ಮೆಮೊರಿಗೆ ತುಂಬಿದರೆ ಅದೇ ಯಂತ್ರ ಬೆಳಗ್ಗೆ ಹವಾಮಾನದ ಲೆಕ್ಕ, ಮಧ್ಯಾಹ್ನ ಸಂಬಳದ ಲೆಕ್ಕ ಮಾಡುತ್ತದೆ. ನಾವು ಒಂದೇ ಲ್ಯಾಪ್‌ಟಾಪಿನಲ್ಲಿ ಆಫೀಸಿನ ಕೆಲಸ, ಸಿನಿಮಾ, ಬ್ಯಾಂಕು, ವಿಡಿಯೊ ಕರೆ ಎಲ್ಲವನ್ನೂ ನಡೆಸುವುದು ಈ ಗೋಡೆ ಇಲ್ಲದ್ದರಿಂದಲೇ.

ಆದರೆ ಗೋಡೆ ಹೋದ ಮೇಲೆ ಯಂತ್ರಕ್ಕೆ ಆದೇಶ ಯಾವುದು, ಮಾಹಿತಿ ಯಾವುದು ಎಂಬ ಗುರುತು ಉಳಿಯುವುದಿಲ್ಲ. ಎರಡೂ ಸಂಖ್ಯೆಗಳೇ. ಒಬ್ಬ ನಂಬಿಗಸ್ತ ಆಳು ಇದ್ದಾನೆ ಎಂದುಕೊಳ್ಳಿ. ಚೀಟಿಯಲ್ಲಿ ಬರೆದದ್ದನ್ನು ಚಾಚೂ ತಪ್ಪದೆ ಮಾಡುತ್ತಾನೆ. ಯಜಮಾನ ಬರೆದ ಚೀಟಿ ಮತ್ತು ದಾರಿಹೋಕ ತೂರಿದ ಚೀಟಿ ಎರಡರ ಅಕ್ಷರವೂ ಅವನಿಗೆ ಒಂದೇ. ಬೀರು ತೆಗೆದು ಒಡವೆ ಹೊರಗಿಡು ಎಂದು ಬರೆದಿದ್ದರೆ ಹೊರಗಿಡುತ್ತಾನೆ. ಅವನು ಕಳ್ಳನಲ್ಲ, ವಿಧೇಯ. ಕಂಪ್ಯೂಟರ್ ಅಂಥ ಆಳು.

ವಾನ್ ನ್ಯೂಮನ್ ಪ್ರಿನ್ಸ್‌ಟನ್‌ನಲ್ಲಿ 1946ರಿಂದ ತಮ್ಮದೇ ಯಂತ್ರ ಕಟ್ಟಿಸಲು ತೊಡಗಿದರು. ಇಂಜಿನಿಯರ್ ಜೂಲಿಯನ್ ಬಿಗೆಲೊ ಅದರ ಮುಖ್ಯಸ್ಥ. 1952ರಲ್ಲಿ ಸಾರ್ವಜನಿಕವಾಗಿ ಅನಾವರಣಗೊಂಡ ಆ ಯಂತ್ರದ ಮೆಮೊರಿಯಲ್ಲಿ ತಲಾ 40 ಬಿಟ್‌ಗಳ 1,024 ಪದಗಳಿಗೆ ಜಾಗವಿತ್ತು. ಒಟ್ಟು 5 ಕಿಲೋಬೈಟ್. ಇಂದು ಫೋನಿಗೆ ಬರುವ ಒಂದು ಶುಭೋದಯದ ಚಿತ್ರವೂ ಅದರಲ್ಲಿ ಹಿಡಿಸದು. ಅಷ್ಟರಲ್ಲೇ ಹವಾಮಾನ ಮುನ್ಸೂಚನೆಯ, ಹೈಡ್ರೋಜನ್ ಬಾಂಬಿನ ಲೆಕ್ಕಗಳು ನಡೆದವು.

ಯಂತ್ರದ ನಕ್ಷೆಗೆ ಅವರು ಪೇಟೆಂಟ್ ಬೇಲಿ ಹಾಕಲಿಲ್ಲ. ವರದಿಗಳನ್ನು ಕೇಳಿದವರಿಗೆಲ್ಲ ಕಳುಹಿಸಿದರು. ಇಲಿನಾಯ್, ಲಾಸ್ ಅಲಾಮೋಸ್, ಸ್ವೀಡನ್, ಇಸ್ರೇಲ್ ಎಲ್ಲೆಡೆ ಅದರ ತಮ್ಮ-ತಂಗಿಯರು ಹುಟ್ಟಿದರು. ನಮ್ಮ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ನೇತೃತ್ವದ ತಂಡ ಕಟ್ಟಿ, 1960ರ ಹೊತ್ತಿಗೆ ಕೆಲಸಕ್ಕೆ ಹಚ್ಚಿದ ಟಿಫ್ರಾಕ್ ಕೂಡ ಅದೇ ಹಾದಿಯ ಯಂತ್ರ. ಅದಕ್ಕೆ ಹೆಸರಿಟ್ಟವರು ನೆಹರೂ. ಕೊಲಾಬಾದ ಸಮುದ್ರದಂಚಿನ ಈ ಸಂಸ್ಥೆ ಮೊದಲು ಕಣ್ಣು ತೆರೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ, ಎಡ್‌ವ್ಯಾಕ್ ವರದಿ ಹೊರಬಂದ ಅದೇ 1945ರ ಜೂನ್ ತಿಂಗಳಲ್ಲಿ. ಆಮೇಲೆ ಅದೂ ನಮ್ಮ ಹಾಗೆಯೇ ಮುಂಬೈಗೆ ವಲಸೆ ಹೋಯಿತು.

ಹೆಪ್ಪು ಹಾಕುವ ಲೆಕ್ಕ

ಯಂತ್ರ ಕಟ್ಟುತ್ತಿದ್ದಾಗಲೇ ಅವರ ತಲೆಯಲ್ಲಿ ಇನ್ನೊಂದು ಪ್ರಶ್ನೆ ಕೊರೆಯುತ್ತಿತ್ತು. ಜೀವಿಗಳು ತಮ್ಮಂಥದ್ದೇ ಇನ್ನೊಂದನ್ನು ಹುಟ್ಟಿಸುತ್ತವೆ. ಯಂತ್ರವೊಂದು ತನ್ನಂಥದ್ದೇ ಯಂತ್ರವನ್ನು ಹುಟ್ಟಿಸಬಹುದೇ? 1948ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ, ಮರುವರ್ಷ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಈ ಬಗ್ಗೆ ಉಪನ್ಯಾಸ ಕೊಟ್ಟರು.

ನಿನ್ನೆಯ ಮೊಸರಿನ ಒಂದು ಚಮಚ ಇಂದಿನ ಹಾಲನ್ನು ಮೊಸರಾಗಿಸುತ್ತದೆ. ಅದರ ಒಂದು ಚಮಚ ನಾಳೆಗೆ. ಯಂತ್ರದಲ್ಲಿ ಇದಕ್ಕೆ ಏನು ಬೇಕು? ತನ್ನನ್ನು ಕಟ್ಟುವ ವಿಧಾನದ ಪೂರ್ತಿ ವಿವರ ಯಂತ್ರದೊಳಗೇ ಇರಬೇಕು ಎಂದರು ವಾನ್ ನ್ಯೂಮನ್. ಆ ವಿವರವನ್ನು ಎರಡು ಬಗೆಯಲ್ಲಿ ಬಳಸಬೇಕು. ಮೊದಲು ಅದನ್ನು ಆದೇಶವೆಂದು ಓದಿ ಮರಿಯಂತ್ರವನ್ನು ಕಟ್ಟಬೇಕು. ಆಮೇಲೆ ಅದರ ಅರ್ಥದ ಗೊಡವೆಗೆ ಹೋಗದೆ, ಜೆರಾಕ್ಸ್ ಮಾಡಿದಂತೆ ಪ್ರತಿ ತೆಗೆದು ಮರಿಯೊಳಗೆ ಇಡಬೇಕು. ಅಮ್ಮನ ಬಿಸಿಬೇಳೆಬಾತಿನ ಚೀಟಿಯನ್ನು ನೋಡಿ ಅಡುಗೆ ಮಾಡುವುದು ಒಂದು ಕೆಲಸ, ಅದೇ ಚೀಟಿಯನ್ನು ನಕಲು ಮಾಡಿ ಮಗಳಿಗೆ ಕೊಡುವುದು ಇನ್ನೊಂದು ಕೆಲಸ. ಎರಡೂ ನಡೆದರೆ ಸಂತತಿ ನಿಲ್ಲುವುದಿಲ್ಲ. ಡಿಎನ್‌ಎಯ ರಚನೆ ಪತ್ತೆಯಾದದ್ದು 1953ರಲ್ಲಿ. ಜೀವಕೋಶ ಇದೇ ಉಪಾಯವನ್ನು ಬಳಸುತ್ತದೆ ಎಂಬುದು ಆಮೇಲೆ ತಿಳಿಯಿತು. ವಾನ್ ನ್ಯೂಮನ್ ತರ್ಕದಿಂದಲೇ ಅಲ್ಲಿಗೆ ತಲುಪಿದ್ದರು.

ಆದೇಶವನ್ನು ಮಾಹಿತಿಯಂತೆ ನಕಲು ಮಾಡುವುದು, ಮಾಹಿತಿಯನ್ನು ಆದೇಶದಂತೆ ನಡೆಸುವುದು: ವೈರಸ್ ಮಾಡುವುದು ಇಷ್ಟೇ. ಕೆಡವಿದ ಗೋಡೆ ಮತ್ತು ನಕಲಿನ ಸೂತ್ರ ಎರಡೂ ಸೇರಿದಲ್ಲಿ ಅದು ಸಾಧ್ಯವಾಗುತ್ತದೆ. ವಾನ್ ನ್ಯೂಮನ್‌ಗೆ ಕೇಡಿನ ಉದ್ದೇಶವೇನೂ ಇರಲಿಲ್ಲ, ಜೀವ ಎಂದರೇನು ಎಂಬ ಕುತೂಹಲವಿತ್ತು. ಅವರ ಯಂತ್ರದಲ್ಲೇ 1953ರಲ್ಲಿ ನಿಲ್ಸ್ ಬ್ಯಾರಿಚೆಲ್ಲಿ ಎಂಬ ವಿಜ್ಞಾನಿ ಸಂಖ್ಯೆಗಳನ್ನು ಜೀವಿಗಳಂತೆ ಬಿಟ್ಟು ನೋಡಿದರು. ಅವು ತಮ್ಮ ನಕಲು ಮಾಡಿಕೊಂಡವು, ಬೆರೆತವು, ಕೆಲವು ಪರಾವಲಂಬಿಗಳಂತೆ ಇನ್ನೊಂದರ ಮೇಲೆ ಬದುಕಿದವು. ಆ ಐದು ಕಿಲೋಬೈಟಿನಲ್ಲಿ ಕದಿಯಲು ಯಾರ ಒಡವೆಯೂ ಇರಲಿಲ್ಲ, ಅಷ್ಟೇ.

ಇದೇ ಮನುಷ್ಯ ರಕ್ಷಣೆಯ ದಾರಿಯನ್ನೂ ಯೋಚಿಸಿದ್ದರು. 1952ರ ಜನವರಿಯಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ, ನಂಬಲಾಗದ ಬಿಡಿಭಾಗಗಳಿಂದ ನಂಬಬಹುದಾದ ವ್ಯವಸ್ಥೆ ಕಟ್ಟುವುದು ಹೇಗೆ ಎಂದು ವಿವರಿಸಿದರು. ಒಂದೇ ಕೆಲಸವನ್ನು ಹಲವು ಭಾಗಗಳಿಗೆ ಕೊಡಿ, ಬಹುಮತದ ಉತ್ತರ ಹಿಡಿಯಿರಿ. ಒಂದು ಕೆಟ್ಟರೂ ಮನೆ ನಿಲ್ಲುತ್ತದೆ. ಎಂದಿಗೂ ಕೆಡದ ಭಾಗಕ್ಕಾಗಿ ಕಾಯುತ್ತ ಕೂರಬೇಡಿ, ಕೆಟ್ಟೇ ಕೆಡುತ್ತದೆ ಎಂದುಕೊಂಡು ಕಟ್ಟಿ ಎಂಬುದು ಅದರ ತಿರುಳು.

ಬೇಲಿಯೊಳಗಿನ ಗೂಢಚಾರ

ಸ್ಪೈವೇರ್ ಎಂಬ ಪದ ಹುಟ್ಟುವ ಮೊದಲೇ ಅದರ ಮಾನವ ರೂಪ ವಾನ್ ನ್ಯೂಮನ್ನರ ಪಕ್ಕದಲ್ಲೇ ಕುಳಿತಿತ್ತು. ಲಾಸ್ ಅಲಾಮೋಸ್‌ಗೆ ಬ್ರಿಟಿಷ್ ತಂಡದೊಂದಿಗೆ ಬಂದ ಭೌತವಿಜ್ಞಾನಿ ಕ್ಲಾಸ್ ಫುಕ್ಸ್ ಮಿತಭಾಷಿ, ಕೆಲಸಗಾರ, ಎಲ್ಲರಿಗೂ ಬೇಕಾದವನು. 1946ರಲ್ಲಿ ಹೈಡ್ರೋಜನ್ ಬಾಂಬಿಗೆ ಸಂಬಂಧಿಸಿದ ಒಂದು ರಹಸ್ಯ ಆವಿಷ್ಕಾರವನ್ನು ವಾನ್ ನ್ಯೂಮನ್ ಮತ್ತು ಫುಕ್ಸ್ ಜಂಟಿಯಾಗಿ ದಾಖಲಿಸಿದರು. 1950ರಲ್ಲಿ ಫುಕ್ಸ್ ತಪ್ಪೊಪ್ಪಿಕೊಂಡ. ಅಷ್ಟೂ ವರ್ಷ ಆತ ಸೋವಿಯತ್ ಒಕ್ಕೂಟಕ್ಕೆ ಗುಟ್ಟು ರವಾನಿಸುತ್ತಿದ್ದ. ಮುಳ್ಳುತಂತಿ, ಕಾವಲು, ಗುರುತಿನ ಚೀಟಿ ಎಲ್ಲವೂ ಇದ್ದವು. ಆತ ಬೇಲಿ ಹಾರಿ ಬಂದವನಲ್ಲ, ಬಾಗಿಲಲ್ಲಿ ಕರೆಸಿಕೊಂಡವನು.

ಕಂಪ್ಯೂಟರಿನ ಸ್ಪೈವೇರ್ ಕೂಡ ಹೆಚ್ಚಾಗಿ ಹೀಗೆಯೇ ಬರುತ್ತದೆ. ಪುಕ್ಕಟೆ ವಿಡಿಯೊ ಪ್ಲೇಯರ್‌ನ ಜೊತೆಗೆ, ಕಳ್ಳ ಪ್ರತಿಯ ಆಫೀಸ್ ತಂತ್ರಾಂಶದ ಜೊತೆಗೆ, ಕಂಪ್ಯೂಟರ್ ವೇಗ ಹೆಚ್ಚಿಸುತ್ತೇನೆ ಎನ್ನುವ ಸಹಾಯಕನ ವೇಷದಲ್ಲಿ. ಒಪ್ಪಿಗೆ ಎಂದು ಒತ್ತಿದವರು ನಾವೇ. ಅದು ಯಂತ್ರವನ್ನು ಕೆಡಿಸುವುದಿಲ್ಲ, ಸದ್ದು ಮಾಡುವುದಿಲ್ಲ. ಒತ್ತಿದ ಪ್ರತಿ ಕೀಲಿಯನ್ನು, ಬ್ಯಾಂಕಿನ ಪಾಸ್‌ವರ್ಡನ್ನು ಬರೆದುಕೊಂಡು ಕಳುಹಿಸುತ್ತಿರುತ್ತದೆ. ವೈರಸ್ ಬಂದಿದೆ ಎಂದು ಹೆದರಿಸಿ ಇಳಿಸಿಕೊಳ್ಳಲು ಹೇಳುವ ನಕಲಿ ಆಂಟಿವೈರಸ್‌ಗಳಂತೂ ಬೇಲಿಯೇ ಎದ್ದು ಹೊಲ ಮೇಯ್ದ ಕತೆ.

ಕೊನೆಯ ದಿನಗಳು

1955ರಲ್ಲಿ ವಾನ್ ನ್ಯೂಮನ್ ಅಮೆರಿಕದ ಅಣುಶಕ್ತಿ ಆಯೋಗದ ಸದಸ್ಯರಾಗಿ ವಾಷಿಂಗ್ಟನ್‌ಗೆ ಹೋದರು. ಅದೇ ವರ್ಷ ಭುಜದ ನೋವಿನ ತಪಾಸಣೆಯಲ್ಲಿ ಕ್ಯಾನ್ಸರ್ ಪತ್ತೆಯಾಯಿತು. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಕೈಯಿಂದ ಸ್ವಾತಂತ್ರ್ಯ ಪದಕ ಪಡೆದಾಗ ಅವರು ಗಾಲಿಕುರ್ಚಿಯಲ್ಲಿದ್ದರು. ಮಿದುಳನ್ನೂ ಕಂಪ್ಯೂಟರನ್ನೂ ಹೋಲಿಸುವ ಉಪನ್ಯಾಸಗಳನ್ನು ಯೇಲ್ ವಿಶ್ವವಿದ್ಯಾಲಯಕ್ಕಾಗಿ ಬರೆಯುತ್ತಿದ್ದರು, ಮುಗಿಸಲಾಗಲಿಲ್ಲ. ಅಪೂರ್ಣ ಹಸ್ತಪ್ರತಿ 1958ರಲ್ಲಿ ಪುಸ್ತಕವಾಯಿತು.

ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಅವರ ಶುಶ್ರೂಷೆಗೆ ರಹಸ್ಯ ಕಾಪಾಡುವ ಅನುಮತಿ ಪಡೆದ ಸೈನಿಕರನ್ನೇ ನೇಮಿಸಲಾಗಿತ್ತು. ನೋವಿನ ಮಂಪರಿನಲ್ಲಿ ದೇಶದ ಗುಟ್ಟು ಬಾಯಿಬಿಟ್ಟಾರು ಎಂಬ ಭಯ. ತನ್ನ ಬುದ್ಧಿ ದಿನದಿನಕ್ಕೆ ಕುಗ್ಗುವುದನ್ನು ಕಾಣುವ ಸಂಕಟವನ್ನು ಅವರು ತಾಳಲಾರದೆ ಹೋದರು. ಒಮ್ಮೆ ಯಾವ ಸಂಖ್ಯೆಗೂ ತಡವರಿಸದ ಮನುಷ್ಯ ಸಣ್ಣ ಲೆಕ್ಕಕ್ಕೂ ತಡವರಿಸುವಂತಾಯಿತು. 1957ರ ಫೆಬ್ರುವರಿ 8ರಂದು, 53ನೇ ವಯಸ್ಸಿನಲ್ಲಿ ತೀರಿಕೊಂಡರು. ಪ್ರಿನ್ಸ್‌ಟನ್‌ನಲ್ಲೇ ಮಣ್ಣು ಮಾಡಿದರು.

ಲೆಕ್ಕ ನಿಜವಾದ ಮೇಲೆ

ನಕಲು ಮಾಡಿಕೊಳ್ಳುವ ಯಂತ್ರಗಳ ಬಗೆಗಿನ ಅವರ ಬರಹವನ್ನು ಆರ್ಥರ್ ಬರ್ಕ್ಸ್ ಪೂರ್ಣಗೊಳಿಸಿ 1966ರಲ್ಲಿ ಪ್ರಕಟಿಸಿದರು. ಐದು ವರ್ಷದ ನಂತರ, 1971ರಲ್ಲಿ, ಕ್ರೀಪರ್ ಎಂಬ ಪ್ರೋಗ್ರಾಂ ಅಮೆರಿಕದ ಆರ್ಪಾನೆಟ್ ಜಾಲದಲ್ಲಿ ಒಂದು ಯಂತ್ರದಿಂದ ಇನ್ನೊಂದಕ್ಕೆ ಹರಿದಾಡಿತು. ಅದನ್ನು ಹಿಡಿದು ಅಳಿಸಲು ರೀಪರ್ ಎಂಬ ಇನ್ನೊಂದು ಬಂತು. 1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ಬರೆದ ಬ್ರೇನ್ ವೈರಸ್ ಫ್ಲಾಪಿಗಳ ಮೂಲಕ ಜಗತ್ತಿನ ಪರ್ಸನಲ್ ಕಂಪ್ಯೂಟರ್‌ಗಳಿಗೆ ಹಬ್ಬಿತು. 1990ರ ದಶಕದಲ್ಲಿ ಫ್ಲಾಪಿ ಹಿಡಿದು ಸೈಬರ್ ಕೆಫೆಗೆ ಅಲೆದ ತಲೆಮಾರಿಗೆ ಇವುಗಳ ಕಾಟ ಚೆನ್ನಾಗಿ ಗೊತ್ತು. ಅದೇ ದಶಕದಲ್ಲಿ ಪುಣೆಯ ಒಂದು ರಿಪೇರಿ ಅಂಗಡಿಯಿಂದ ಕ್ವಿಕ್ ಹೀಲ್ ಹುಟ್ಟಿತು.

ವೈರಸ್ ಎಂಬ ಪದವನ್ನು ಶಾಸ್ತ್ರೀಯವಾಗಿ ಬಳಕೆಗೆ ತಂದ ಫ್ರೆಡ್ ಕೊಹೆನ್ 1980ರ ದಶಕದಲ್ಲಿ ಇನ್ನೊಂದು ವಿಷಯವನ್ನೂ ಸಾಧಿಸಿ ತೋರಿಸಿದರು. ಎಲ್ಲ ವೈರಸ್‌ಗಳನ್ನೂ ತಪ್ಪಿಲ್ಲದೆ ಗುರುತಿಸುವ ಪ್ರೋಗ್ರಾಂ ಬರೆಯುವುದು ಸಾಧ್ಯವೇ ಇಲ್ಲ. ಇದು ಇಂಜಿನಿಯರ್‌ಗಳ ಸೋಮಾರಿತನವಲ್ಲ, ತರ್ಕದ ಮಿತಿ. ಕೋನಿಗ್ಸ್‌ಬರ್ಗ್‌ನಲ್ಲಿ ಗೊಡೆಲ್ ಹೇಳಿದ ಮಾತಿನ ವಂಶದಲ್ಲೇ ಹುಟ್ಟಿದ್ದು. ಹಾಗಾಗಿ ಯಾವುದೇ ಡಬ್ಬಿಯ ಮೇಲೆ ನೂರಕ್ಕೆ ನೂರು ರಕ್ಷಣೆ ಎಂದು ಬರೆದಿದ್ದರೆ ಅದು ಗಣಿತಕ್ಕೆ ವಿರುದ್ಧವಾದ ಜಾಹೀರಾತು.

ಆಮೇಲಿನ ಚರಿತ್ರೆ ಬಹುಪಾಲು ಆ ಗೋಡೆಯನ್ನು ಮತ್ತೆ ಕಟ್ಟುವ ಪ್ರಯತ್ನದ್ದು. 1999ರ ಮೆಲಿಸ್ಸಾ ವೈರಸ್ ಬಂದದ್ದು ವರ್ಡ್ ಕಡತದಲ್ಲಿ. ಓದಲೆಂದು ತೆರೆದ ಪತ್ರದೊಳಗೆ ಮ್ಯಾಕ್ರೋ ಎಂಬ ಆದೇಶ ಅಡಗಿತ್ತು. 2004ರಲ್ಲಿ ವಿಂಡೋಸ್ ಎಕ್ಸ್‌ಪಿಗೆ ಬಂದ ದೊಡ್ಡ ಅಪ್‌ಡೇಟ್, ಮೆಮೊರಿಯ ಕೆಲವು ಭಾಗಗಳನ್ನು ಇಲ್ಲಿರುವುದು ಮಾಹಿತಿ ಮಾತ್ರ, ಆದೇಶವೆಂದು ನಡೆಸಕೂಡದು ಎಂದು ಗುರುತು ಮಾಡತೊಡಗಿತು. ಇಂಟರ್‌ನೆಟ್‌ನಿಂದ ಬಂದ ಕಡತಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ ತಾನಾಗಿ ತಡೆಯಲು ಆರಂಭಿಸಿದ್ದು 2022ರಲ್ಲಿ. 2017ರ ಮೇ ತಿಂಗಳ ವಾನಾಕ್ರೈ ದಾಳಿಯ ಪಾಠ ಇನ್ನೂ ಸರಳ. ಅದು ಬಳಸಿದ ತೂತನ್ನು ಮುಚ್ಚುವ ಅಪ್‌ಡೇಟ್ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲಿ ಬಂದಿತ್ತು. ಹಾಕಿಕೊಂಡವರು ಬಚಾವಾದರು. ಹಾಕಿಕೊಳ್ಳದವರಲ್ಲೂ ಬೇರೆಡೆ ನಕಲು ಇಟ್ಟಿದ್ದವರು ಕಡತಗಳನ್ನು ಉಳಿಸಿಕೊಂಡರು.

ಹಾಗಾದರೆ ಆಂಟಿವೈರಸ್ ಬೇಡವೇ? ಬೇಕು. ಮನೆಗೆ ಬೀಗ ಬೇಕು. ಆದರೆ ಬೀಗ ಹಾಕಿದ ಮನೆಯಲ್ಲೂ ಬಂದವರಿಗೆಲ್ಲ ಬಾಗಿಲು ತೆಗೆಯುವ ಆಳಿದ್ದಾನೆ ಎಂಬ ನೆನಪಿರಬೇಕು. ಕೇಳದೆ ಬಂದ ಕಡತವನ್ನು, ಕಳುಹಿಸಿದವರು ಗೊತ್ತಿದ್ದರೂ, ಒಂದು ಫೋನ್ ಮಾಡಿ ಕೇಳದೆ ತೆರೆಯಬೇಡಿ. ಮ್ಯಾಕ್ರೋಗೆ ಅನುಮತಿ ಕೊಡಿ ಎಂದು ಕೇಳಿದರೆ ಕೊಡಬೇಡಿ. ದಿನನಿತ್ಯದ ಕೆಲಸಕ್ಕೆ ಪೂರ್ಣಾಧಿಕಾರವಿಲ್ಲದ ಸಾಧಾರಣ ಖಾತೆ ಬಳಸಿದರೆ, ತಪ್ಪು ಚೀಟಿ ಸಿಕ್ಕರೂ ಆಳಿನ ಕೈಗೆ ಬೀರುವಿನ ಕೀಲಿ ಸಿಗುವುದಿಲ್ಲ. ಅಪ್‌ಡೇಟನ್ನು ನಾಳೆಗೆ ತಳ್ಳಬೇಡಿ. ಹೊಸ ತಂತ್ರಾಂಶವನ್ನು ಅದನ್ನು ತಯಾರಿಸಿದವರ ಜಾಗದಿಂದಲೇ ಇಳಿಸಿಕೊಳ್ಳಿ.

ಊರಿನಲ್ಲಿರುವ ಅಪ್ಪ-ಅಮ್ಮನ ಕಂಪ್ಯೂಟರಿಗೂ ಇದೇ ಮಾತು. ಅವರ ಯಂತ್ರಕ್ಕೆ ಕಾವಲು ಇಲ್ಲಿಂದ ಫೋನಿನಲ್ಲಿ ಹೇಳುವ ನಮ್ಮ ಮಾತೇ. ಬ್ಯಾಂಕಿನಿಂದ ಎಂದು ಕರೆ ಮಾಡಿ ಯಾವುದೋ ಆ್ಯಪ್ ಹಾಕಿಕೊಳ್ಳಲು ಹೇಳಿದರೆ, ಮಗಳನ್ನೋ ಮಗನನ್ನೋ ಕೇಳಿ ಹೇಳುತ್ತೇನೆ ಎಂದು ಫೋನ್ ಇಡಲು ಅವರಿಗೆ ಕಲಿಸಿಕೊಡಿ. ಅವರು ಕೇಳಲು ಕರೆ ಮಾಡಿದಾಗ, ಮೀಟಿಂಗ್ ನಡುವೆಯಾದರೂ ಸಿಡುಕದೆ ಎತ್ತಿ. ಒಮ್ಮೆ ಸಿಡುಕಿದರೆ ಮುಂದಿನ ಸಲ ಅವರು ಕೇಳುವುದಿಲ್ಲ.

ಮುಖ್ಯವಾದದ್ದು ನಕಲು. ವೈರಸ್‌ನ ಬಲ ನಕಲಿನಲ್ಲಿದೆ, ನಮ್ಮ ಬಲವೂ ಅಲ್ಲಿಯೇ ಇದೆ. ಪಹಣಿ, ಫೋಟೊ, ಪ್ರಮಾಣಪತ್ರಗಳ ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಒಂದು ಬೇರೆ ಊರಿನಲ್ಲೋ ಕ್ಲೌಡ್‌ನಲ್ಲೋ ಇರಲಿ. ನಕಲು ಮುಗಿದ ಕೂಡಲೇ ಡಿಸ್ಕಿನ ತಂತಿ ಕಿತ್ತಿಡಿ. ವೈರಸ್ ಬಂದರೆ ಜೋಡಿಸಿಟ್ಟ ಡಿಸ್ಕನ್ನೂ ಬಿಡುವುದಿಲ್ಲ. ಕೆಟ್ಟೇ ಕೆಡುತ್ತದೆ ಎಂದುಕೊಂಡು ಕಟ್ಟಬೇಕು ಎಂಬ 1952ರ ಆ ಉಪನ್ಯಾಸಗಳ ತಿರುಳನ್ನು ಮನೆಮಟ್ಟಿಗೆ ಇಳಿಸಿದರೆ ಸಿಗುವುದು ಇಷ್ಟೇ. ಈ ಭಾನುವಾರ ಅರ್ಧ ಗಂಟೆ ಸಾಕು.